ಕ್ಯಾಮೆರಾ ಹಿಡಿದ ಅತ್ತಿಗೆ

ಆ ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ ಇಪ್ಪತ್ತಮೂರು ವರ್ಷ ಒಬ್ಬಳೇ ಹೀರೋಯಿನ್: ಅತ್ತಿಗೆ. ಹೊಟ್ಟೆ ಕೊಯ್ದು ಕೈಯಿಟ್ಟರೆ ಸಾಕು, ಗರ್ಭಕೋಶದ ಗೆಡ್ಡೆ ಎಲ್ಲಿ ಅಡಗಿದೆ ಅಂತ ಬೆರಳೇ ಹೇಳುತ್ತಿತ್ತು. ಆಮೇಲೆ ನಾದಿನಿಯ ಎಂಟ್ರಿ ಆಯಿತು. ಅವಳೂ ಹೆಂಗಸರ ಡಾಕ್ಟರೇ, ಆದರೆ ಕಲಿತು ಬಂದ ಕಸುಬು ಬೇರೆ. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಕಡ್ಡಿಯಂಥ ಸಲಕರಣೆ. ಟೀವಿ ನೋಡಿಕೊಂಡೇ ಆಪರೇಷನ್.

"ಟೀವಿ ನೋಡ್ಕೊಂಡು ಮಾಡೋದಾದ್ರೆ ನಮ್ಮತ್ತೆ ಯಾವತ್ತೋ ದೊಡ್ಡ ಸರ್ಜನ್ ಆಗ್ಬೇಕಿತ್ತು," ಅಂತ ಅತ್ತಿಗೆ ಥಿಯೇಟರ್ ಸಿಸ್ಟರ್ ಹತ್ತಿರ ಗೊಣಗಿದಳು. ಹೆಂಗಸರ ಹೊಟ್ಟೆಯ ಎಲ್ಲ ನೋವಿಗೂ ಅವಳ ಬಳಿ ಔಷಧಿಯಿತ್ತು. ಹೊಟ್ಟೆಕಿಚ್ಚಿಗೆ ಮಾತ್ರ ಇರಲಿಲ್ಲ.

ಉರಿ ಏರಿದ್ದು ಟೈಲರಮ್ಮನಿಂದ. ಹತ್ತು ವರ್ಷ ಅತ್ತಿಗೆಯನ್ನೇ ನಂಬಿದವಳು. ಸ್ಕ್ಯಾನಿಂಗ್‌ನಲ್ಲಿ ಗೆಡ್ಡೆ ಕಂಡುಹಿಡಿದಿದ್ದು ಅತ್ತಿಗೆ, ಮಾತ್ರೆ ಕೊಟ್ಟು ನೋಡಿದ್ದು ಅತ್ತಿಗೆ. ರಕ್ತಸ್ರಾವ ನಿಲ್ಲಲಿಲ್ಲ, ಗರ್ಭಕೋಶ ತೆಗೆಯಲೇಬೇಕು ಅಂತಾಯಿತು. ಆಗ ಟೈಲರಮ್ಮ ತಲೆ ತಗ್ಗಿಸಿ, "ನಿಮ್ಮ ಹೊಲಿಗೆ ಬಗ್ಗೆ ಕೆಮ್ಮಂಗೇ ಇಲ್ಲ ಡಾಕ್ಟ್ರೇ. ಆದ್ರೆ ಹೊಟ್ಟೆ ಕೊಯ್ದ್ರೆ ಒಂದೂವರೆ ತಿಂಗಳು ಮೆಷಿನ್ ತುಳಿಯೋ ಹಂಗಿಲ್ವಂತೆ. ಚಿಕ್ಕ ಡಾಕ್ಟ್ರು ಮಾಡಿದ್ರೆ ಎರಡು ಮೂರು ವಾರ ಸಾಕಂತೆ," ಅಂದಳು.

"ಅವಳ ಹತ್ರಾನೇ ಮಾಡಿಸ್ಕೊಳ್ಳಿ," ಅಂದ ಅತ್ತಿಗೆ ಮುಖಕ್ಕೊಂದು ನಗು ಹೊಲಿದುಕೊಂಡಳು.

ಆಪರೇಷನ್ ದಿನ ಬೆಳಿಗ್ಗೆ ಕ್ಯಾಮೆರಾ ಹಿಡಿಯಬೇಕಿದ್ದ ಸಹಾಯಕನಿಗೆ ಜ್ವರ. ನಾದಿನಿ ಬಾಗಿಲಲ್ಲಿ ನಿಂತು ಕೇಳಿದಳು, "ಅತ್ತಿಗೆ, ಬೇಜಾರಿಲ್ಲ ಅಂದ್ರೆ ನೀವು ಕ್ಯಾಮೆರಾ ಹಿಡೀತೀರಾ?"

ಹೀರೋಯಿನ್‌ಗೆ ಕ್ಯಾಮೆರಾಮನ್ ಕೆಲಸ! "ಲೈಟೂ ನಾನೇ ಹಿಡೀಲಾ?"

"ಅದೂ ಅದ್ರಲ್ಲೇ ಇದೆ ಅತ್ತಿಗೆ."

ಹಿಡಿದಳು. ಹಿಡಿದ ಮೇಲೆ ಒಂದು ವಿಷಯ ಹೊಳೆಯಿತು: ತಾನು ತೋರಿಸಿದ್ದಷ್ಟೇ ನಾದಿನಿಗೆ ಕಾಣುವುದು. ಮಹಾರಾಣಿಯ ಕಣ್ಣು ಈಗ ತನ್ನ ಮುಷ್ಟಿಯಲ್ಲಿ! ಸುಮ್ಮನೆ ಒಂಚೂರು ವಾಲಿಸಿದಳು. ಟೀವಿಯಲ್ಲಿ ಇಡೀ ಹೊಟ್ಟೆ ಸೊಟ್ಟಗಾಯಿತು.

"ನೇರ ಅತ್ತಿಗೆ."

"ನೇರಾನೇ ಇದೆ. ನಿನ್ನ ಕತ್ತು ಸೊಟ್ಟ."

ಸಿಸ್ಟರ್ ಮಾಸ್ಕಿನ ಮೇಲಿಂದ ದುರುಗುಟ್ಟಿದಳು. ಅತ್ತಿಗೆ ನೇರ ಮಾಡಿದಳು.

ಗರ್ಭಕೋಶದ ಪಕ್ಕದ ರಕ್ತನಾಳ ಬಂತು. ಅದನ್ನು ಕಾಯಿಸಿ ಮುಚ್ಚಿ ಕತ್ತರಿಸಬೇಕು. ನಾದಿನಿಯ ಇಕ್ಕಳ ಬಾಯಿ ತೆರೆಯಿತು. ಅಷ್ಟರಲ್ಲಿ ಪರದೆಯ ಅಂಚಿನಲ್ಲಿ ಬೆಳ್ಳನೆಯ ಹುರಿಯೊಂದು ಎರೆಹುಳದಂತೆ ಮಿಸುಕಿತು. ಮೂತ್ರಪಿಂಡದಿಂದ ಇಳಿದು ಬರುವ ಮೂತ್ರನಾಳ! ಗೆಡ್ಡೆ ಅದನ್ನು ಜಾಗ ಬಿಡಿಸಿ ಇಲ್ಲಿಗೆ ತಳ್ಳಿತ್ತು. ಬಿಸಿ ತಗುಲಿದರೆ ಟೈಲರಮ್ಮನ ಕಥೆ ಮುಗಿಯಿತು. ನಾದಿನಿ ನೋಡಿರಲಿಲ್ಲ.

ಒಂದೇ ಒಂದು ಉಸಿರಿನಷ್ಟು ಹೊತ್ತು ಅತ್ತಿಗೆ ಸುಮ್ಮನಿದ್ದಳು. ಅಷ್ಟರಲ್ಲೇ ತಲೆಯೊಳಗೆ ಇಡೀ ಸಿನಿಮಾ ಓಡಿತು: ನಾದಿನಿ ಅಳುತ್ತಿದ್ದಾಳೆ, ಎಲ್ಲರೂ ಅತ್ತಿಗೆಯ ಕೈಯೇ ಸರಿ ಅನ್ನುತ್ತಿದ್ದಾರೆ. ಕೊನೇ ಸೀನಿನಲ್ಲಿ ಟೈಲರಮ್ಮ ಬಂದಳು. ಅವಳ ಮುಖ ನೋಡಲಾಗಲಿಲ್ಲ.

"ನಿಲ್ಲು!" ಅಂದವಳೇ ಕ್ಯಾಮೆರಾ ತಿರುಗಿಸಿ ಹುರಿಯನ್ನು ಪರದೆಯ ನಟ್ಟನಡುವೆ ತಂದಳು.

ಇಕ್ಕಳ ಹಿಂದೆ ಸರಿಯಿತು.

"ಮೊದ್ಲು ಅದನ್ನ ಬಿಡಿಸ್ಕೋ. ಆಮೇಲೆ ನಿನ್ನ ಶೋಕಿ," ಅಂದಳು ಅತ್ತಿಗೆ.

ಮಾರನೇ ದಿನ ಅತ್ತಿಗೆ, ನಾದಿನಿ ಇಬ್ಬರೂ ರೌಂಡ್ಸಿಗೆ ಬಂದಾಗ ಟೈಲರಮ್ಮ ವಾರ್ಡಿನಲ್ಲಿ ಓಡಾಡುತ್ತಿದ್ದಳು. "ನಾಲ್ಕೇ ತೂತು, ಗುಂಡಿ ಹೊಲಿದಂಗೆ! ಚಿಕ್ಕ ಡಾಕ್ಟ್ರ ಕೈಗುಣ!"

"ಅತ್ತಿಗೆ ಇಲ್ದಿದ್ರೆ..." ನಾದಿನಿ ಬಾಯಿ ತೆರೆದಳು.

"ಹೌದೌದು, ಅವ್ರು ಕ್ಯಾಮೆರಾ ಹಿಡಿದ್ರಂತಲ್ಲ, ಪಾಪ!"

ಆ 'ಪಾಪ' ಅತ್ತಿಗೆಗೆ ಅರಿವಳಿಕೆಯಿಲ್ಲದೆ ಕೊಯ್ದಂತಾಯಿತು.

ಕಾರಿಡಾರಿನಲ್ಲಿ ನಾದಿನಿ ಮೆಲ್ಲಗೆ ಕೇಳಿದಳು, "ಅದು ನಿಮಗೆ ಮೊದ್ಲೇ ಕಂಡಿತ್ತಾ?"

"ಒಂದು ಉಸಿರು ಮೊದ್ಲು."

ನಾದಿನಿ ಅವಳ ಮುಖ ನೋಡಿದಳು. ಎಲ್ಲ ಅರ್ಥವಾದಂತಿತ್ತು. "ಹೇಳಿದ್ರಲ್ಲ ಅತ್ತಿಗೆ, ಬಿಡಿ."

ಬೈದಿದ್ದರೇ ವಾಸಿಯಿತ್ತು. ಒಳ್ಳೆಯತನದಲ್ಲೂ ಇವಳೇ ಫಸ್ಟಾ?

"ಆ ಪ್ರಾಕ್ಟೀಸ್ ಡಬ್ಬ ಎಲ್ಲಿ?" ಅಂದಳು ಅತ್ತಿಗೆ. ತೂತುಗಳಿದ್ದ ಡಬ್ಬ ಅದು. ಕಡ್ಡಿ ತೂರಿಸಿ, ಪರದೆ ನೋಡುತ್ತ, ಒಳಗಿನ ಮಣಿಗಳನ್ನು ಎತ್ತಿಡಬೇಕು.

"ಬನ್ನಿ, ನಾನೇ ಹೇಳ್ಕೊಡ್ತೀನಿ."

"ನೀನು ಬಾಗಿಲು ಹಾಕ್ಕೊಂಡು ಆಚೆ ನಿಲ್ಲು."

ಮೊದಲನೇ ಮಣಿ ಬಿತ್ತು. ಎರಡನೆಯದೂ ಬಿತ್ತು.

"ಕೈ ಎಡಕ್ಕೆ ಹೋದ್ರೆ ತುದಿ ಬಲಕ್ಕೆ ಹೋಗುತ್ತೆ ಅತ್ತಿಗೆ," ಬಾಗಿಲಾಚೆಯಿಂದ ದನಿ ಬಂತು.

"ಗೊತ್ತು ಹೋಗೇ!" ಅಂದ ಅತ್ತಿಗೆ ಕೈಯನ್ನು ಎಡಕ್ಕೆ ತಿರುಗಿಸಿದಳು.