ಹುಳ ಹಣ್ಣಾದ ದಿನದ ಹಾಜರಿ

ಸುಳ್ಳು ಹೇಳಬೇಡಿ ಎಂದು ಮೂವತ್ತೊಂದು ವರ್ಷ ಮಕ್ಕಳ ತಲೆ ತಿಂದವಳು ನಾನು. ಆ ಬುಧವಾರ ಬೆಳಿಗ್ಗೆ, ಪ್ರಾರ್ಥನೆ ಮುಗಿದ ಮೇಲೆ, ಆರು ಮತ್ತು ಏಳನೇ ತರಗತಿಯ ಇಪ್ಪತ್ಮೂರು ಮಕ್ಕಳನ್ನು ಒಳಗೆ ಕೂರಿಸಿ, ಬಾಗಿಲು ಮುಂದೆ ಮಾಡಿ, ಸುಳ್ಳು ಹೇಳುವುದನ್ನು ಕಲಿಸಿದೆ.

“ಯಾವ್ಯಾವ ರಜೆ ಇದೆ ಅಂತ ಕೇಳಿದರೆ ಏನು ಹೇಳ್ತೀರಿ?”

“ದಸರಾ ರಜ, ಬೇಸ್ಗೆ ರಜ, ಭಾನ್ವಾರ ಮಿಸ್.”

“ಭಾನುವಾರ ಏನು ಮಾಡ್ತೀರಿ?”

“ಆಟ ಆಡ್ತೀವಿ ಮಿಸ್.”

“ಹುಳದ ಸುದ್ದಿ?”

“ಎತ್ತಲ್ಲ ಮಿಸ್.”

ಎಲ್ಲರೂ ಒಂದೇ ರಾಗದಲ್ಲಿ ಹೇಳಿದರು, ಏಳನೇ ತರಗತಿಯ ರಮ್ಯಾ ಒಬ್ಬಳನ್ನು ಬಿಟ್ಟು. ಅವಳು ಬೆಂಚಿನ ತುದಿಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದಳು. ಹೋಂವರ್ಕ್ ಮಾಡದಿದ್ದ ದಿನ ಕೇಳುವ ಮೊದಲೇ ತಾನಾಗಿ ಎದ್ದು ನಿಲ್ಲುವ ಹುಡುಗಿ ಅದು. ನಾನು ಈ ಸುಳ್ಳಿನ ಉಸಾಬರಿಗೆ ಬಿದ್ದಿದ್ದೇ ಅವಳಿಂದ.

ಕೂಟಗಲ್ ಹೋಬಳಿಯ ಈ ಊರಿನಲ್ಲಿ ರೇಷ್ಮೆ ಸಾಕದ ಮನೆಯನ್ನು ಹುಡುಕಬೇಕು. ಹೆಚ್ಚಿನವರು ಒಂದೇ ಕಡೆಯಿಂದ ಒಂದೇ ದಿನ ಮರಿಹುಳ ತರುತ್ತಾರೆ, ಹಾಗಾಗಿ ಹುಳ ಹಣ್ಣಾಗುವುದೂ ಊರಿಗೆಲ್ಲ ಒಟ್ಟಿಗೇ. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸುತ್ತದೆ. ಆಗ ಒಂದೊಂದನ್ನೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡಮಾಡಿದರೆ ಬಿದ್ದಲ್ಲೇ ನೂಲು ಸುತ್ತಿಕೊಂಡು ಬೆಳೆಯೆಲ್ಲ ಹಾಳು. ಆ ಎರಡು ದಿನ ಎಷ್ಟು ಕೈಯಿದ್ದರೂ ಸಾಲದು, ಮಕ್ಕಳ ಸಣ್ಣ ಬೆರಳಂತೂ ಬೇಕೇ ಬೇಕು. ನನ್ನ ಶಾಲೆಯಲ್ಲಿ ಆಗ ಬೆಂಚುಗಳು ಮಾತ್ರ ಇರುತ್ತಿದ್ದವು.

ಎರಡು ದಿನ ಹೋದರೆ ಹೋಗಲಿ ಎನ್ನಬಹುದು. ಹಾಗೆ ಹೋದ ರಮ್ಯಾ ಪಾಠ ತಪ್ಪಿದ ನಾಚಿಕೆಗೆ ಮೂರನೇ ದಿನವೂ ಬರಲಿಲ್ಲ, ಆಮೇಲೆ ವಾರ, ಆಮೇಲೆ ತಿಂಗಳು. ಎರಡು ವರ್ಷದ ಹಿಂದಿನ ಮಾತು. ಮನೆಗೆ ಹೋದೆ. ಅವಳಪ್ಪ ಬಾಲರಾಜು ಸೊಪ್ಪಿನ ಹೊರೆ ಇಳಿಸುತ್ತ, “ಹುಳ ಹಣ್ಣಾದಾಗ ಮಗ್ಳು ಮನೇಲಿರ್ಬೇಕು ಮೇಡಂ. ನಿಮ್ ಸ್ಕೂಲ್ಗೆ ಅದು ಒಗ್ಗಲ್ಲ ಅಂದ್ರೆ ಬುಡುಸ್ಬುಡ್ತೀನಿ,” ಅಂದ.

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಒಪ್ಪಂದ ಮಾಡಿಕೊಂಡೆ. ಹುಳ ಹಣ್ಣಾಗುವ ಎರಡು ದಿನ ಶಾಲೆಯನ್ನೇ ಮುಚ್ಚುತ್ತೇನೆ, ಬದಲಿಗೆ ಎರಡು ಭಾನುವಾರ ಪಾಠ ಮಾಡುತ್ತೇನೆ. ಶಾಲೆ ಇದ್ದ ಒಂದು ದಿನವೂ ಅವಳು ತಪ್ಪಿಸಕೂಡದು. ಬಾಲರಾಜು ತಲೆಯಾಡಿಸಿದ. ಅವತ್ತಿನಿಂದ ಅವಳು ಒಂದು ದಿನ ತಪ್ಪಿಸಿಲ್ಲ. ಅಡುಗೆಯ ಸಿದ್ದಮ್ಮ ಭಾನುವಾರವೂ ಬಂದು ಒಲೆ ಹಚ್ಚಿದಳು.

ಅನುಮತಿ ಕೇಳಿ ಇಲಾಖೆಗೆ ಮೂರು ಪತ್ರ ಬರೆದೆ. ಮೂರನೆಯದಕ್ಕೆ ಉತ್ತರ ಬಂತು, ನಿಯಮದಲ್ಲಿ ಅವಕಾಶವಿಲ್ಲ ಎಂದು. ಹಾಗಾಗಿ ಶಾಲೆ ಮುಚ್ಚಿದ ದಿನಗಳಿಗೂ ಎಲ್ಲರ ಹೆಸರಿನ ಮುಂದೆ ಹಾಜರಿ ಹಾಕಿದೆ. ಎರಡು ವರ್ಷದಲ್ಲಿ ಹದಿನೆಂಟು ದಿನ.

ಈಗ ಎಲ್ಲ ಹೊರಬೀಳುವ ಹೊತ್ತು ಬಂದಿತ್ತು. ನಮ್ಮ ಹೊಸ ಟೀಚರ್ ಶ್ರುತಿ, ಸ್ಕಾಟ್ಲೆಂಡಿನ ಒಂದು ಶಾಲೆಯ ಮಕ್ಕಳ ಜೊತೆ ನಮ್ಮ ಮಕ್ಕಳನ್ನು ವಿಡಿಯೋದಲ್ಲಿ ಮಾತಾಡಿಸಲು ಏರ್ಪಾಡು ಮಾಡಿದ್ದಳು. ವಿಷಯ: ನಿಮ್ಮ ರಜೆ, ನಮ್ಮ ರಜೆ. ಬೇರೆ ವಿಷಯವೇ ಸಿಗಲಿಲ್ಲವೇನೇ ನಿನಗೆ ಎಂದು ರೇಗಿದೆ. ಅದರ ಮೇಲೆ ಆ ಬುಧವಾರ ಬೆಳಿಗ್ಗೆಯೇ ಶಿಕ್ಷಣ ಸಂಯೋಜಕರು ಫೋನ್ ಮಾಡಿ, ತಾವೂ ನೋಡಲು ಬರುವುದಾಗಿ ಹೇಳಿದರು. ಊರಿನಲ್ಲಿ ಮಾರನೆಯ ದಿನವೇ ಹುಳ ಹಣ್ಣಾಗುವುದಿತ್ತು. ಗುಟ್ಟು ರಟ್ಟಾದರೆ ನನ್ನ ನೌಕರಿಗೆ ಕುತ್ತು, ಅದಿರಲಿ, ಆರು ತಿಂಗಳಿಗೆ ಹೇಗೂ ರಿಟೈರಾಗುವವಳು. ರಮ್ಯಾ ಮತ್ತೆ ಮನೆಯಲ್ಲಿ ಉಳಿದುಬಿಡುತ್ತಾಳೆ ಎನ್ನುವುದೇ ನನ್ನ ಹೆದರಿಕೆ.

ಮಧ್ಯಾಹ್ನ ಮೂರೂವರೆಗೆ ಸಂಯೋಜಕ ವೃಷಭೇಂದ್ರಪ್ಪನವರು ಬಂದು ಹಿಂದಿನ ಕುರ್ಚಿಯಲ್ಲಿ ಕೂತರು, ತೊಡೆಯ ಮೇಲೆ ಡೈರಿ, ಕೈಯಲ್ಲಿ ಪೆನ್ನು. ಗೋಡೆಯ ಮೇಲೆ ಶ್ರುತಿ ಅಂಟಿಸಿದ್ದ ಚಾರ್ಟ್ ಓದಿದರು. ಜಪಾನಿನಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ, ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆಗೆ, ಸ್ಕಾಟ್ಲೆಂಡಿನಲ್ಲಿ ಆಗಸ್ಟ್‌ನಲ್ಲಿ.

“ಒಂದೊಂದು ದೇಶಕ್ಕೆ ಒಂದೊಂದು ಲೆಕ್ಕ,” ಅಂದರು.

“ಬಿಸಿಲು, ಮಳೆ ನೋಡಿಕೊಂಡು ಮಾಡ್ಕೊಂಡಿರ್ತಾರೆ ಸರ್,” ಅಂದೆ.

ಟಿವಿಯಲ್ಲಿ ಆ ಮಕ್ಕಳು ಕಾಣಿಸಿಕೊಂಡರು. ಅಲ್ಲಿಗೆ ಇನ್ನೂ ಬೆಳಗಿನ ಹತ್ತು ಗಂಟೆ. ಶ್ರುತಿ ಅತ್ತ ಇತ್ತ ಅನುವಾದ ಮಾಡುತ್ತ ಹೋದಳು. ನಮಗೆ ಶಾಲೆ ಶುರುವಾಗಿ ತಿಂಗಳಾಗುವ ಹೊತ್ತಿಗೆ ಅವರಿಗೆ ಬೇಸಿಗೆ ರಜೆ ಶುರುವಂತೆ. ನಮ್ಮ ಮಕ್ಕಳು ನಕ್ಕರು. ನಮ್ಮವರು ದಸರಾ ಹೇಳಿದರು, ಬೇಸಿಗೆ ಹೇಳಿದರು, ಭಾನುವಾರ ಆಟ ಆಡ್ತೀವಿ ಅಂದರು. ಪೆನ್ನು ಅಲ್ಲಾಡಲಿಲ್ಲ. ಇನ್ನು ಹತ್ತು ನಿಮಿಷ ಕಳೆದರೆ ಸಾಕು ಅಂದುಕೊಂಡೆ.

ಆಗ ಕೆಂಚುಗೂದಲಿನ ಹುಡುಗನೊಬ್ಬ ಎದ್ದು ಏನೋ ಹೇಳಿದ. ಶ್ರುತಿ ನನ್ನ ಮುಖ ನೋಡಿ ತಡವರಿಸಿದಳು.

“ಏನಂತೆ?” ವೃಷಭೇಂದ್ರಪ್ಪನವರು ಕೇಳಿದರು.

“ಅವರಿಗೆ ಅಕ್ಟೋಬರಿನಲ್ಲಿ ರಜೆ ಇದೆಯಂತೆ ಸರ್. ಅವನಜ್ಜಿ ಈಗಲೂ ಅದನ್ನ ಆಲೂಗಡ್ಡೆ ರಜೆ ಅಂತಾರಂತೆ. ಹಿಂದೆ ಮಕ್ಕಳು ಹೊಲದಲ್ಲಿ ಆಲೂಗಡ್ಡೆ ಆಯೋಕೆ ಹೋಗ್ಬೇಕಿತ್ತಂತೆ. ಅದಕ್ಕೆ ಸ್ಕೂಲ್ ಮುಚ್ತಿದ್ರಂತೆ.” ಶ್ರುತಿ ದನಿ ತಗ್ಗಿಸಿದಳು. “ನಿಮ್ಮೂರಲ್ಲೂ ಅಂಥ ರಜೆ ಇದೆಯಾ ಅಂತ ಕೇಳ್ತಿದಾನೆ.”

ಇಪ್ಪತ್ಮೂರು ಮಕ್ಕಳೂ ಒಟ್ಟಿಗೆ ತಿರುಗಿ ನನ್ನನ್ನೇ ನೋಡಿದರು. ಕಳ್ಳನನ್ನು ಬೆಟ್ಟು ಮಾಡಿ ತೋರಿಸಿದ ಹಾಗೆ. ವೃಷಭೇಂದ್ರಪ್ಪನವರೂ ಮಕ್ಕಳು ನೋಡಿದ ಕಡೆಗೇ ನೋಡಿದರು.

“ಹೇಳಮ್ಮ, ನೀನು,” ಎಂದು ಪೆನ್ನು ಚಾಚಿದರು. ಅದು ರಮ್ಯಾಳ ಕಡೆಗಿತ್ತು.

ರಮ್ಯಾ ಎದ್ದಳು. ಬಾಗಿಲ ಆಚೆ ನೋಡಿದಳು, ನೆಲ ನೋಡಿದಳು. ಮುಗಿಯಿತು ಅಂದುಕೊಂಡೆ.

“ಇಲ್ಲ ಸಾ. ನಮ್ಮಲ್ಲಿ ಅಂಥ ರಜ ಇಲ್ಲ,” ಅಂದಳು.

ಅವಳ ಕಿವಿ ಕೆಂಪಾಗಿತ್ತು. ಸರಿಯಾಗಿ ಹೇಳಿದೆನಾ ಎಂಬಂತೆ ನನ್ನತ್ತ ನೋಡಿದಳು, ಮಗ್ಗಿ ಒಪ್ಪಿಸಿದಾಗ ನೋಡುತ್ತಿದ್ದಂತೆಯೇ. ನಾನು ಪಾರಾಗಿದ್ದೆ. ಆದರೆ ಈ ಹುಡುಗಿಯನ್ನು ಶಾಲೆಯಲ್ಲಿ ಉಳಿಸಿಕೊಂಡು ಕೊನೆಗೆ ಕಲಿಸಿದ್ದು ಇದನ್ನೇ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಇದೆ,” ಅಂದೆ. “ಶ್ರುತಿ, ಇದೆ ಅಂತ ಹೇಳು. ರೇಷ್ಮೆ ಹುಳ ಹಣ್ಣಾದಾಗ ಎರಡು ದಿನ ರಜೆ ಕೊಡ್ತೀವಿ ಅನ್ನು. ಅವಳು ಹೇಳಿದ ಸುಳ್ಳು ಅವಳದಲ್ಲ ಸರ್, ನಾನು ಹೇಳಿಕೊಟ್ಟಿದ್ದು.”

ಶ್ರುತಿ ಹೇಳಿದಳು. ಆ ಕಡೆಯ ಮಕ್ಕಳು ಖುಷಿಯಿಂದ ಚಪ್ಪಾಳೆ ತಟ್ಟಿದರು. ಈ ಕಡೆ ಪೆನ್ನು ಬರೆಯತೊಡಗಿತು.

ಟಿವಿ ಆರಿದ ಮೇಲೆ ವೃಷಭೇಂದ್ರಪ್ಪನವರು ಹಾಜರಿ ಪುಸ್ತಕ ತರಿಸಿದರು. ಹದಿನೆಂಟು ದಿನಗಳನ್ನೂ ನಾನೇ ಬೆರಳಿಟ್ಟು ತೋರಿಸಿದೆ, ಬದಲಿಗೆ ಭಾನುವಾರ ಪಾಠ ಮಾಡಿದ್ದನ್ನೂ, ಮಾರನೆಯ ದಿನ ಮತ್ತೆ ಹುಳ ಹಣ್ಣಾಗುವುದನ್ನೂ ಹೇಳಿದೆ.

“ಭಾನುವಾರ ಪಾಠ ಮಾಡಿದ್ದಕ್ಕೆ ಏನು ಗುರುತು?”

ನಾನು ಬಾಯಿ ತೆರೆಯುವಷ್ಟರಲ್ಲಿ ರಮ್ಯಾ ಬ್ಯಾಗಿನಿಂದ ಗಣಿತದ ನೋಟ್‌ಬುಕ್ ತೆಗೆದು ಅವರ ಮುಂದಿಟ್ಟಳು. ಹಾಳೆಯ ನೆತ್ತಿಯಲ್ಲಿ ತಾರೀಖು, ಪಕ್ಕದಲ್ಲಿ ಭಾನುವಾರ ಎಂದು ದುಂಡಗೆ ಬರೆದಿತ್ತು. ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬಳು. ಮೇಜಿನ ಮೇಲೆ ನೋಟ್‌ಬುಕ್ಕುಗಳ ರಾಶಿ ಬಿತ್ತು. ಅವರು ಅವಸರ ಮಾಡದೆ ಹಾಳೆ ತಿರುವಿದರು.

“ಅವರ ಆಲೂಗಡ್ಡೆ ರಜೆ ಕ್ಯಾಲೆಂಡರಿನಲ್ಲಿ ಇದೆ ಮೇಡಂ. ನಿಮ್ಮದು ಇಲ್ಲ. ಅಷ್ಟೇ ವ್ಯತ್ಯಾಸ,” ಅಂದರು. “ಆದರೆ ನಾನು ಕೆಲಸ ಮಾಡೋದು ಈ ಕ್ಯಾಲೆಂಡರಿಗೆ. ಕಿವಿಗೆ ಬಿದ್ದ ಮೇಲೆ ಬರೀಲೇಬೇಕು. ಮೂರು ದಿನದಲ್ಲಿ ನೋಟಿಸಿಗೆ ಉತ್ತರ ಕೊಡಿ. ಭಾನುವಾರದ ನೋಟ್‌ಬುಕ್ ವಿಷಯವೂ ಬರೆದಿರ್ತೀನಿ. ಹುಳ ಹಣ್ಣಾದರೂ ನಾಳೆ ಸ್ಕೂಲ್ ತೆಗೀಲೇಬೇಕು. ಬಂದವರಿಗೆ ಹಾಜರಿ, ಬರದವರಿಗೆ ಗೈರು.”

ಅವರ ಜೀಪು ಹೋದ ಮೇಲೆ ರಮ್ಯಾ ಹತ್ತಿರ ಬಂದಳು.

“ನಾಳಿಕೆ ಸ್ಕೂಲ್ ಐತಾ ಮಿಸ್?”

“ಇದೆ ಕಣಮ್ಮ.”

ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಳು. ಒಪ್ಪಂದ ಮುರಿದವಳು ನಾನು. ಇನ್ನು ಬಾಲರಾಜುವಿಗೆ ಯಾವ ಹಂಗೂ ಇರಲಿಲ್ಲ.

ಮಾರನೆಯ ದಿನ ಗಂಟೆ ಹೊಡೆದೆವು. ಯಾರೂ ಬರಲಿಲ್ಲ. ಹತ್ತಾಯಿತು, ಹತ್ತೂವರೆಯಾಯಿತು. ಸಿದ್ದಮ್ಮ ಅಕ್ಕಿ ಅಳೆಯಲೋ ಬೇಡವೋ ಎಂದು ಎರಡು ಸಲ ಕೇಳಿ ಹೋದಳು. ಪುಸ್ತಕ ತೆರೆದುಕೊಂಡು, ಒಬ್ಬೊಬ್ಬರ ಹೆಸರಿನ ಮುಂದೆ ಗೈರು ಬರೆಯುತ್ತ ಬಂದೆ. ರಮ್ಯಾಳ ಹೆಸರಿಗೆ ಬಂದಾಗ ಕೈ ಏಳಲಿಲ್ಲ. ಪುಸ್ತಕದ ಆ ಮನೆ ಖಾಲಿ ಬಿಟ್ಟು ಮುಂದಕ್ಕೆ ಹೋದೆ.

ಗೇಟಿನಲ್ಲಿ ಬೈಕ್ ನಿಂತಿತು. ಬಾಲರಾಜುವಿನ ಹಿಂದಿನಿಂದ ರಮ್ಯಾ ಇಳಿದಳು. ತಲೆ ಬಾಚಿರಲಿಲ್ಲ, ಬೆರಳುಗಳು ಹುಳದ ನೀರಿಗೆ ಅಂಟಂಟಾಗಿದ್ದವು.

“ನಾಕ್ ಗಂಟೆಗೇ ಎದ್ದು ಐದು ಚಂದ್ರಿಕೆ ತುಂಬವ್ಳೆ ಮೇಡಂ,” ಅಂದ ಬಾಲರಾಜು. “ಒಸಿ ತಡ ಆಗೋಯ್ತು.”

“ನಾನು ಮಾತು ಉಳಿಸಿಕೊಳ್ಳಲಿಲ್ಲ ಬಾಲರಾಜು. ಹುಳ ಹಣ್ಣಾದ ದಿನ ಸ್ಕೂಲ್ ತೆಗೆದಿದ್ದೀನಿ.”

“ತೆಗ್ದಿದ್ದೀರಲ್ಲ, ಅದ್ಕೇ ಕರ್ಕೊಬಂದೆ,” ಅಂದ. “ಸ್ಕೂಲ್ ಇದ್ದ ದಿನ ತಪ್ಪುಸ್ಕೂಡ್ದು ಅಂತ ತಾನೇ ನಾವು ಮಾತಾಡ್ಕೊಂಡಿದ್ದು.” ಬೈಕ್ ತಿರುಗಿಸಿಕೊಂಡು ಮನೆಯ ಕಡೆ ಹೊರಟ. ಅಲ್ಲಿ ಅವನ ಹೆಂಡತಿ ಒಬ್ಬಳೇ ಹುಳ ಆಯುತ್ತಿದ್ದಳು.

ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ. ರಮ್ಯಾ ಖಾಲಿ ಬೆಂಚುಗಳ ನಡುವೆ ತನ್ನ ಜಾಗದಲ್ಲಿ ಕೂತು ಕಾಯುತ್ತಿದ್ದಳು. ಇಪ್ಪತ್ಮೂರು ಹೆಸರನ್ನೂ ಮೊದಲಿನಿಂದ ಕೂಗಿದೆ. ಅವಳ ಹೆಸರಿಗೆ ಎದ್ದು, “ಬಂದಿವ್ನಿ ಮಿಸ್,” ಅಂದಳು. ಖಾಲಿ ಬಿಟ್ಟಿದ್ದ ಮನೆಯಲ್ಲಿ ಹಾಜರಿ ಬರೆದೆ. ಎರಡು ವರ್ಷದಲ್ಲಿ ಹುಳ ಹಣ್ಣಾದ ದಿನ ಆ ಪುಸ್ತಕದಲ್ಲಿ ನಾನು ನಿಜವಾದ ಹಾಜರಿ ಬರೆದದ್ದು ಅದೇ ಮೊದಲು.