ಒಡೆದ ಕ್ರೀಮು

ದವಡೆಯ ಆಪರೇಷನ್ ಆದಮೇಲೆ ಅಪ್ಪ ಸೂಪು, ಹಾಲು ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವ ದಿನಕ್ಕೆಂದು ಮಗಳ ಹತ್ತಿರ ಬಾಯಿಬಿಟ್ಟು ಕೇಳಿದ್ದು ಒಂದೇ: ಮಾವಿನಹಣ್ಣಿನ ತಿರುಳು ಬೆರೆಸಿದ ತಣ್ಣನೆಯ ಕ್ರೀಮು.

ದರ್ಜಿ ಕೆಲಸದ ಮಗಳು ಅಂದು ಹೊಲಿಗೆ ಮೆಷಿನ್ನಿಗೆ ರಜೆ ಕೊಟ್ಟು ಅಣ್ಣನ ಮನೆಗೆ ಬಂದಳು. ಪಾತ್ರೆಯನ್ನೂ ಬೀಟರಿನ ಕಡ್ಡಿಗಳನ್ನೂ ಫ್ರೀಜರಿನಲ್ಲಿಟ್ಟು, ಚೆನ್ನಾಗಿ ತಣ್ಣಗಾದಮೇಲೆ ಕ್ರೀಮು ಸುರಿದು ಕಡೆದಳು. ಎತ್ತಿದರೆ ತುದಿ ಮೆಲ್ಲಗೆ ಬಾಗುವ ಹದಕ್ಕೆ ನಿಲ್ಲಿಸಿದಳು. ಅಗಿಯದೆ ಗಂಟಲಿಗೆ ಇಳಿಯಬೇಕಿತ್ತಲ್ಲ! ಅದನ್ನು ಫ್ರಿಜ್ಜಿಗೆ ಸೇರಿಸಿ ಅಪ್ಪನನ್ನು ಕರೆತರಲು ಹೋದಳು.

ಬಂದು ಮುಚ್ಚಳ ತೆಗೆದರೆ ಕ್ರೀಮು ಒಡೆದಿತ್ತು. ಬೆಣ್ಣೆಯಂಥ ಹಳದಿ ಕಾಳುಕಾಳು ಒಂದು ಕಡೆ, ನೀರು ಇನ್ನೊಂದು ಕಡೆ.

ಹೋಟೆಲೊಂದರಲ್ಲಿ ದೊಡ್ಡ ಅಡುಗೆಯವನಾಗಿದ್ದ ಅಣ್ಣ ಆಗಲೇ ಅಪ್ಪನ ಪಕ್ಕ ಕುಳಿತು, ಬಂದಿದ್ದ ನೆಂಟರಿಗೆ ನಗುತ್ತ ವಿವರಿಸುತ್ತಿದ್ದ. ತಂಗಿ ಅತಿಯಾಗಿ ಕಡೆದುಬಿಟ್ಟಿದ್ದಾಳಂತೆ, ಪಾಪ, ಅವಳಿಗೇನು ಗೊತ್ತು, ತಾನೇ ಮಾಡಿದ್ದರೆ ಹೀಗಾಗುತ್ತಿರಲಿಲ್ಲವಂತೆ.

ಅವಳ ಮೈಯೆಲ್ಲ ಉರಿದುಹೋಯಿತು. ಸಿಂಕಿನಲ್ಲಿ ಬೀಟರಿನ ಕಡ್ಡಿಗಳು ಮತ್ತೆ ಕ್ರೀಮು ಮೆತ್ತಿಕೊಂಡು ಬಿದ್ದಿದ್ದವು. ಹೊರಡುವ ಮುಂಚೆ ಅವಳೇ ತೊಳೆದಿಟ್ಟವು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯನ್ನು ನೋಡಿದಳು. ಅತ್ತಿಗೆ ಸೆರಗಿನ ತುದಿ ಹಿಂಡುತ್ತ ನೆಲ ನೋಡಿದಳು.

"ಅಣ್ಣಾ, ಇದನ್ನ ಮತ್ತೆ ಕಡೆದಿದ್ದು ಯಾರು?"

ಒಂದು ಡಬ್ಬಿ ಕ್ರೀಮಿಗೆ ಇಷ್ಟು ರಾದ್ಧಾಂತ ಯಾಕೆ ಎಂದು ಅವನು ಮಾತು ತೇಲಿಸಲು ನೋಡಿದ.

"ಕ್ರೀಮು ಕೆಟ್ಟರೆ ಕೆಡ್ಲಿ. ನೀನು ಕೈಯಾಡಿಸಿ ನನ್ನ ತಲೆ ಮೇಲೆ ಯಾಕೆ ಗೂಬೆ ಕೂರಿಸ್ದೆ? ಅದೂ ಅಪ್ಪನ ಮುಂದೆ."

ಕೊನೆಗೆ ಬಾಯಿಬಿಟ್ಟವಳು ಅತ್ತಿಗೆ. "ಇವರೇ ಕಡೆದಿದ್ದು. ಸಡಿಲವಾಗಿದೆ, ಗಟ್ಟಿ ಮಾಡ್ತೀನಿ ಅಂದ್ರು. ಬೇಡ ಅಂದೆ, ಕೇಳ್ಲಿಲ್ಲ."

ಅಪ್ಪ ನೋವಿನ ದವಡೆಯಲ್ಲೇ ತಮ್ಮತ್ತ ತಿರುಗಿ ಸಬೂಬು ಹೇಳಹೊರಟ ಮಗನಿಗೆ ತಡೆದು ತಡೆದು ಹೇಳಿದರು: "ನನಗಲ್ಲ, ಅವಳಿಗೆ ಹೇಳು."

"ನನ್ನದೇ ತಪ್ಪು," ಎಂದ ಅಣ್ಣ, ಗೋಡೆಗೆ ಹೇಳುವವನಂತೆ. ಅವಳ ಸಿಟ್ಟು ಅಷ್ಟಕ್ಕೆಲ್ಲ ಇಳಿಯುವ ಜಾತಿಯದಲ್ಲ. ಅವನ ನಗು ಇನ್ನೂ ಕಿವಿಯಲ್ಲಿತ್ತು.

ಡಬ್ಬಿಯಲ್ಲಿ ಇನ್ನೂ ಕಡೆಯದ ಸ್ವಲ್ಪ ಕ್ರೀಮು ಉಳಿದಿತ್ತು. ಅಣ್ಣ ನೆರವಿಗೆ ಎದ್ದರೆ, ಕೂತಿರು ಎಂದಳು. ಎಲ್ಲರ ಕಣ್ಣೆದುರೇ, ಬೀಟರ್ ಮುಟ್ಟದೆ ಕೈಯಲ್ಲಿ ಕಡೆಗೋಲು ಹಿಡಿದು, ರಟ್ಟೆ ಸೋಲುವವರೆಗೆ ಕಡೆದು ತಿರುಳು ಬೆರೆಸಿದಳು. ಅಪ್ಪ ಮೊದಲ ಚಮಚ ನುಂಗಿ ಕಣ್ಣು ಮುಚ್ಚಿದರು. ಎರಡನೆಯದಕ್ಕೆ ತಾವೇ ಬಾಯಿ ತೆರೆದರು.

ಅವಳು ಅತ್ತಿಗೆಗೂ ನೆಂಟರಿಗೂ ಒಂದೊಂದು ಚಮಚ ಹಾಕಿಕೊಟ್ಟಳು. ಅಣ್ಣ ಬಟ್ಟಲು ಚಾಚಿದಾಗ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ನೀನೇ ಬಡಿಸ್ಕೋ," ಎಂದು ಅಪ್ಪನ ಬಾಯಿ ಒರೆಸಲು ಕುಳಿತಳು.