ಮೂರನೇ ಕುರ್ಚಿ

ಟ್ವೇಟ್ ಅಣ್ಣತಮ್ಮಂದಿರಲ್ಲಿ ಸೆಲ್ಮರ್ ಯಾರು, ಅರ್ವಿಡ್ ಯಾರು ಎಂದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಯಾರೂ ಒಪ್ಪಿಕೊಳ್ಳುತ್ತಲೂ ಇರಲಿಲ್ಲ. ಅವಳಿಗಳು. ಒಂದೇ ಮೂಗು, ಒಂದೇ ಬೋಳು, ಬೀಜದ ಕಂಪನಿಯವರು ಬಿಟ್ಟಿ ಕೊಟ್ಟ ಒಂದೇ ಥರದ ಹಸಿರು ಟೋಪಿ. ಶಾಲೆಯಲ್ಲಿದ್ದಾಗ ಕೇಳಿಬಿಡಬಹುದಿತ್ತು, ಆಗ ಕೇಳಲಿಲ್ಲ. ಆಮೇಲೆ ಕೇಳಿದರೆ ಇಷ್ಟು ವರ್ಷ ಪಕ್ಕದಲ್ಲಿದ್ದು ಇದೂ ಗೊತ್ತಿಲ್ಲವೇ ಅಂದುಕೊಂಡಾರು ಎಂಬ ಸಂಕೋಚ. ಮಿನೆಸೋಟದ ನಾವು ಬೇಕಾದರೆ ಹಿಮದಲ್ಲಿ ಹೂತು ಸಾಯುತ್ತೇವೆ, ಇಂಥದ್ದನ್ನು ಮಾತ್ರ ಬಾಯಿಬಿಟ್ಟು ಕೇಳುವುದಿಲ್ಲ. ಒಬ್ಬ ಸಿಕ್ಕರೆ "ಏನಪ್ಪಾ, ಹೇಗಿದ್ದೀಯ" ಅನ್ನುವುದು, ಇಬ್ಬರೂ ಸಿಕ್ಕರೆ "ಏನ್ರಪ್ಪಾ ಹುಡುಗ್ರಾ" ಅನ್ನುವುದು. ಎಂಬತ್ತು ದಾಟಿದ ಹುಡುಗರು!

ಜನವರಿಯಲ್ಲಿ ಸೆಲ್ಮರ್ ಸತ್ತ. ಮಾರ್ಚಿನಲ್ಲಿ ಅರ್ವಿಡ್ ಸತ್ತ. ನೆಲ ಕಲ್ಲಾಗಿತ್ತು, ಗುದ್ದಲಿ ಇಳಿಯುವಂತಿರಲಿಲ್ಲ. ಹಾಗಾಗಿ ಇಬ್ಬರ ಪೆಟ್ಟಿಗೆಗಳೂ ಸ್ಮಶಾನದ ಕಲ್ಲುಕೋಣೆಯಲ್ಲಿ ವಸಂತಕ್ಕಾಗಿ ಕಾಯುತ್ತಿದ್ದವು. ಮೇ ತಿಂಗಳಲ್ಲಿ ಒಂದೇ ಬೆಳಿಗ್ಗೆ ಇಬ್ಬರನ್ನೂ ಅವರಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಆಮೇಲೆ ಎಲ್ಲರೂ ಊಟಕ್ಕೆಂದು ಚರ್ಚಿನ ನೆಲಮಾಳಿಗೆಗೆ ಇಳಿದರು. ನಾನು ಮೊದಲೇ ಇಳಿದಿದ್ದೆ. ಸತ್ತವರ ಊಟಕ್ಕೆ ಬಡಿಸುವ ಹೆಂಗಸರಲ್ಲಿ ನಾನೂ ಒಬ್ಬಳು, ಲವೋನ್ ಬ್ರೆಕ್ಕೆ. ನನ್ನ ಊಟಕ್ಕೆ ಯಾರು ಬಡಿಸುತ್ತಾರೋ ಆ ದೇವರೇ ಬಲ್ಲ.

ಅಡುಗೆಮನೆಯ ಯಜಮಾನಿಕೆ ಬರ್ನಡೀನಳದು. ಅಜ್ಜಿಗೆ ಅರಿವೆ ಚಿಂತೆ ಅನ್ನುವ ಹಾಗೆ ಅವಳಿಗೆ ಯಾರು ಸತ್ತರೂ ಹಂದಿಮಾಂಸದ ಬನ್ನು ಸಾಲುತ್ತದೋ ಇಲ್ಲವೋ ಎಂಬುದೊಂದೇ ಚಿಂತೆ. ನಾನು ಕಾಫಿ ಪಾತ್ರೆಯ ಕಡೆಗೆ ತಿರುಗಿದೆನೋ ಇಲ್ಲವೋ, ಅದರ ಪಕ್ಕದಲ್ಲಿದ್ದ ಮರದ ಕುರ್ಚಿ ಮೊಣಕಾಲಿಗೆ ಬಡಿಯಿತು. ಉಳಿದವೆಲ್ಲ ಮಡಚುವ ತಗಡಿನ ಕುರ್ಚಿಗಳು. ಇದೊಂದು ಮಡಚುವುದಿಲ್ಲ, ಸರಿಯುವುದಿಲ್ಲ, ಚಳಿಗಾಲದಿಂದ ನನ್ನ ಕಾಲಿಗೇ ಕಾದು ಕೂತಿದೆ.

"ಈ ಪೀಡೇನ ಹೊರಗೆ ಎಸೀಬಾರ್ದಾ?" ಎಂದೆ.

"ಲೇ, ಕಾಣಿಕೆ ಬಂದದ್ದು ಕಣೇ ಅದು. ಎಸೆಯೋ ಮಾತಾಡ್ಬೇಡ. ಉಪ್ಪಿನಕಾಯಿ ಎಲ್ಲಿಟ್ಟೆ?" ಎಂದಳು ಬರ್ನಡೀನ್. ಯಾರ ಕಾಣಿಕೆ ಎಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಜನೆಲ್ ಬಂದಳು. ಟ್ವೇಟ್ ಹುಡುಗರ ತಂಗಿಯ ಮಗಳು, ಫಾರ್ಗೋದಲ್ಲಿ ದಂತವೈದ್ಯೆ. ಅವಳಿಗೆ ನಮ್ಮ ಸಂಕೋಚ ತಟ್ಟಿಲ್ಲ, ಎಲ್ಲವನ್ನೂ ನೇರವಾಗಿ ಕೇಳುತ್ತಾಳೆ.

"ಲವೋನ್ ಅವರೇ, ಎಲ್ಲರೂ ಮಾಮಂದಿರ ಬಗ್ಗೆ ನಾಲ್ಕು ಮಾತು ಹೇಳ್ತಾರಲ್ಲ, ಆಗ ಒಬ್ಬೊಬ್ಬರ ಬಗ್ಗೆ ಬೇರೆ ಬೇರೆ ಹೇಳ್ಲಿ ಅಂತ ನನ್ನಾಸೆ. ಪಾಪ, ಬದುಕಿಡೀ ಇಬ್ಬರನ್ನೂ ಒಂದೇ ಗಂಟು ಕಟ್ಟಿದ್ದಾಯ್ತು. ಅರ್ವಿಡ್ ಮಾಮನ ಬಗ್ಗೆ ನೀವು ಮಾತಾಡಿ. ನೀವೇ ಹತ್ತಿರದ ನೆರೆಯವರು."

"ನಾನಾ? ಅರ್ವಿಡ್ ಬಗ್ಗೆನಾ?" ಎಂದೆ. ಕೈಯಲ್ಲಿದ್ದ ಚಮಚ ಜೆಲ್ಲಿಯೊಳಗೆ ಬಿತ್ತು.

ನನ್ನ ತಲೆ ಮೊಸರುಗಡಿಗೆಯಾಗಲು ಕಾರಣವಿತ್ತು, ಹೇಳುತ್ತೇನೆ. ನನ್ನ ಗಂಡ ಓರಿನ್ ತೀರಿಕೊಂಡಾಗ ನನಗೆ ನಲವತ್ತಾರು, ಹೊಲದಲ್ಲಿ ಮೆಕ್ಕೆಜೋಳ ಹಾಗೇ ನಿಂತಿತ್ತು. ಸುತ್ತಲಿನವರೆಲ್ಲ ತಮ್ಮ ತಮ್ಮ ಯಂತ್ರ ತಂದು ಒಂದೇ ಹಗಲಿನಲ್ಲಿ ಕಟಾವು ಮಾಡಿಕೊಟ್ಟರು, ಅದು ಇಲ್ಲಿಯ ರೂಢಿ. ಎಲ್ಲರೂ ಹೋದ ಮೇಲೆ ಟ್ವೇಟ್ ಹುಡುಗರಲ್ಲಿ ಒಬ್ಬ ಮಾತ್ರ ಮುಂದಿನ ಗುರುವಾರ ಮತ್ತೆ ಬಂದ. ಕಾಫಿ ಕುಡಿದ. ಅದರ ಮುಂದಿನ ಗುರುವಾರವೂ ಬಂದ. ಸಕ್ಕರೆ ಅಚ್ಚನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿಕೊಂಡು ಅದರ ಮೂಲಕ ಕಾಫಿ ಹೀರುತ್ತಿದ್ದ, ಅವರ ಅಜ್ಜ ನಾರ್ವೆಯಿಂದ ತಂದ ಅಭ್ಯಾಸ. ಮಾತು ಎಂಟಾಣೆಯಷ್ಟೂ ಇಲ್ಲ. ಇಡೀ ಚಳಿಗಾಲ ಹೀಗೆ ಬಂದ. ನಾನು ಬುಧವಾರವೇ ಖರ್ಜೂರದ ಬಾರ್ ಎಂಬ ಸಿಹಿತಿಂಡಿ ಬೇಯಿಸಿಡತೊಡಗಿದೆ, ಗುರುವಾರ ಬೆಳಿಗ್ಗೆ ಕೂದಲು ಸರಿಮಾಡಿಕೊಳ್ಳತೊಡಗಿದೆ. ನೀನು ಯಾರಪ್ಪಾ ಎಂದು ಮಾತ್ರ ಕೇಳಲಿಲ್ಲ. ಮೊದಲನೇ ದಿನ ಕೇಳಬೇಕಿತ್ತು. ಆಮೇಲೆ ಯಾವ ಮುಖ ಇಟ್ಟುಕೊಂಡು ಕೇಳಲಿ?

ಫೆಬ್ರವರಿಯ ಒಂದು ಗುರುವಾರ ಹೊರಟವನು ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ ಅಂದ: "ನಮ್ಮ ಅಡುಗೆಮನೇಲಿ ಮೂರನೇ ಕುರ್ಚಿ ಒಂದಿದೆ."

"ಹೌದಾ?"

"ಅದ್ರಲ್ಲಿ ಯಾರೂ ಕೂರಲ್ಲ. ಗಟ್ಟಿಮುಟ್ಟಾಗಿದೆ."

ಅವನ ಕಿವಿ ಬೀಟ್‌ರೂಟಿನಂತೆ ಕೆಂಪಾಗಿತ್ತು. ನಮ್ಮ ಕಡೆ ಗಂಡಸು ಇದಕ್ಕಿಂತ ಬಿಡಿಸಿ ಹೇಳಿದರೆ ಅವನು ಕುಡಿದಿದ್ದಾನೆ ಎಂದೇ ಅರ್ಥ. "ಯೋಚ್ನೆ ಮಾಡ್ತೀನಿ" ಎಂದೆ. ಉಳಿದ ಬಾರುಗಳನ್ನು ಗಾಜಿನ ಪಾತ್ರೆಯ ಸಮೇತ ಅವನ ಕೈಗೆ ಕೊಟ್ಟೆ. ವಾರವಿಡೀ ಯೋಚಿಸಿದೆ. ಹ್ಞೂಂ ಅನ್ನುವುದೆಂದು ನಿಶ್ಚಯಿಸಿದೆ. ಖುಷಿಯಾಗಿತ್ತು, ಯಾಕೆ ಸುಳ್ಳು ಹೇಳಲಿ, ಹಾಡು ಗುನುಗುತ್ತಾ ನೆಲ ಒರೆಸಿದ್ದೆ.

ಗುರುವಾರ ಬಂತು. ಅವನೂ ಬಂದ. ಕಾಫಿ ಬಗ್ಗಿಸಿ ಸಕ್ಕರೆ ಬಟ್ಟಲನ್ನು ಮುಂದಕ್ಕೆ ತಳ್ಳಿದೆ. ಅವನು ಮುಟ್ಟಲಿಲ್ಲ. ಬರೀ ಕಾಫಿ ಕುಡಿದ. ಇವನು ಅವನಲ್ಲ! ಇನ್ನೊಬ್ಬ ಬಂದಿದ್ದಾನೆ. ಯಾಕೆ ಬಂದ? ಅವನಿಗೆ ಹೇಳಲು ಮುಜುಗರವಾಗಿ ಇವನನ್ನು ಕಳಿಸಿದನೇ? ಹೆಣ್ಣು ಹೇಗಿದ್ದಾಳೆ ನೋಡಿ ಬಾ ಎಂದನೇ? ಇವನಿಗೆ ಹ್ಞೂಂ ಅಂದುಬಿಟ್ಟರೆ ಇಬ್ಬರಲ್ಲಿ ಯಾರಿಗೆ ಹ್ಞೂಂ ಅಂದ ಹಾಗಾಯಿತು? ನಾನು ಗಾಳಿಯ ಮಾತಾಡಿದೆ, ಹಿಮದ ಮಾತಾಡಿದೆ. ಅವನು ಲೋಟ ತಿರುಗಿಸುತ್ತಾ ಕೂತಿದ್ದ. ಕೊನೆಗೆ "ಸರಿ ಹಾಗಾದ್ರೆ" ಎಂದು ಎದ್ದುಹೋದ. ಆಮೇಲೆ ಯಾವ ಗುರುವಾರವೂ ಯಾರೂ ಬರಲಿಲ್ಲ. ನನ್ನ ಪಾತ್ರೆಯೂ ಬರಲಿಲ್ಲ. ನಮ್ಮೂರಲ್ಲಿ ಗಂಡ ಮನೆಗೆ ಬರದೇ ಇದ್ದಾನು, ಅಡಿಯಲ್ಲಿ ಹೆಸರಿನ ಟೇಪು ಅಂಟಿಸಿದ ಪಾತ್ರೆ ಬರದೇ ಇರುವುದಿಲ್ಲ.

ಅಲ್ಲಿಂದ ಮೂವತ್ತಕ್ಕೂ ಹೆಚ್ಚು ವರ್ಷ. ರಸ್ತೆಯಲ್ಲಿ ಟ್ರಕ್ಕು ಎದುರಾದರೆ ಒಳಗಿದ್ದವನು ವಂದನೆಗೆಂದು ಸ್ಟೀರಿಂಗಿನಿಂದ ಒಂದು ಬೆರಳೆತ್ತುತ್ತಿದ್ದ, ನಾನೂ ಎತ್ತುತ್ತಿದ್ದೆ. ಯಾವನಿಗೆ ಎತ್ತಿದೆನೋ! ಜನವರಿಯಲ್ಲಿ ಸೆಲ್ಮರನ ಪೆಟ್ಟಿಗೆಯ ಪಕ್ಕ ನಿಂತಿದ್ದ ಅರ್ವಿಡ್ ನನ್ನ ಕೈ ಹಿಡಿದು ಮನೆಯ ವಿಷಯ ಏನೋ ಅಂದ, ಹಿಂದೆ ಸಂತಾಪ ಹೇಳಲು ಬಂದವರ ಸಾಲು ನೂಕುತ್ತಿತ್ತು, ಬರ್ನಡೀನ್ ಬನ್ನು ಮುಗೀತು ಎಂದು ಕೂಗುತ್ತಿದ್ದಳು, ನಾನೂ ಏನೋ ಅಂದು ಮುಂದೆ ಹೋದೆ. ನನ್ನನ್ನು ಕೇಳಿದವನು ಸೆಲ್ಮರನಾಗಿದ್ದರೆ ಅವತ್ತು ಅಳಬೇಕಾಗಿತ್ತು. ಅರ್ವಿಡನಾಗಿದ್ದರೆ ಮಾರ್ಚಿನಲ್ಲಿ ಅಳಬೇಕಾಗಿತ್ತು. ಎರಡು ಸಲವೂ ಅಳದೆ ಉಳಿದಿದ್ದೇನೆ. ಸಾಯುವುದರೊಳಗೆ ನನಗೆ ಅದೊಂದು ತಿಳಿಯಬೇಕು. ಈಗ ಈ ಹುಡುಗಿ ಅರ್ವಿಡನ ಬಗ್ಗೆ ಮಾತಾಡು ಅನ್ನುತ್ತಾಳೆ!

ಊಟ ಅರ್ಧವಾದಾಗ ಡ್ವೇನ್ ಎದ್ದುನಿಂತ. ದವಸದ ಗೋದಾಮಿನಲ್ಲಿ ಮೇಲ್ವಿಚಾರಕನಾಗಿದ್ದವನು, ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ, ಅವನ ಪ್ರಕಾರ.

"ಸೆಲ್ಮರ್ ಅಂದ್ರೆ ಚಿನ್ನದಂಥ ಮನುಷ್ಯ. ನನ್ನ ಟ್ರ್ಯಾಕ್ಟರ್ ಹಳ್ಳಕ್ಕೆ ಬಿದ್ದಾಗ ಕರೀದೇ ಬಂದು ಎಳೆದುಕೊಟ್ಟ."

"ಅದು ಅರ್ವಿಡ್ ಕಣೋ," ಎಂದು ಬರ್ನಡೀನ್ ಅಡುಗೆಮನೆಯ ಕಿಂಡಿಯಿಂದ ತಲೆ ಹಾಕಿದಳು. "ಸೆಲ್ಮರ್ ಮಾತು ಕಡಿಮೆ, ಗಂಭೀರ."

"ಅರ್ವಿಡ್ ಏನು ವಾಚಾಳಿನಾ?"

"ಅವನೂ ಕಡಿಮೆ. ಆದ್ರೆ ಬೇರೆ ಥರ ಕಡಿಮೆ."

"ಚರ್ಚಲ್ಲಿ ಎಡಗಡೆ ಕೂರ್ತಿದ್ದೋನು ಸೆಲ್ಮರ್. ಅಷ್ಟಂತೂ ಖಂಡಿತ," ಎಂದ ಡ್ವೇನ್.

"ಯಾರ ಎಡ? ನಮ್ಮ ಎಡನಾ, ಪಾದ್ರಿ ಎಡನಾ?"

ಡ್ವೇನ್ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಜನೆಲ್ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದಳು.

"ನಿಮಗ್ಯಾರಿಗೂ ಗೊತ್ತೇ ಇಲ್ವಾ?"

ಎಲ್ಲರೂ ತಮ್ಮ ತಮ್ಮ ಜೆಲ್ಲಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಗೊತ್ತು, ಗೊತ್ತು," ಎಂದ ಡ್ವೇನ್ ಕೂರುತ್ತಾ. "ಹೆಚ್ಚುಕಮ್ಮಿ."

ಇನ್ನು ಸುಮ್ಮನಿದ್ದರೆ ಕೆಟ್ಟೆ ಅನ್ನಿಸಿತು. ಈ ವಯಸ್ಸಿನಲ್ಲಿ ಇನ್ನು ಯಾರ ಮುಂದೆ ಸಂಕೋಚ? ಕಾಫಿ ಕೆಟಲು ಹಿಡಿದುಕೊಂಡೇ ಜನೆಲ್ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಸಕ್ಕರೆ ಕಚ್ಕೊಂಡು ಕಾಫಿ ಕುಡೀತಿದ್ದೋರು ಯಾರಮ್ಮ? ಇಬ್ಬರಲ್ಲಿ?"

"ಇಬ್ಬರೂ. ಅದಕ್ಕೇ ಇಬ್ಬರಿಗೂ ಒಂದೂ ನೆಟ್ಟಗಿನ ಹಲ್ಲಿರಲಿಲ್ಲ. ಎಷ್ಟು ಬೈದಿದೀನಿ!" ಎಂದು ನಕ್ಕಳು. "ಈಸ್ಟರಿಗೆ ಮುಂಚೆ ಉಪವಾಸದ ವಾರಗಳು ಬರುತ್ತಲ್ಲ, ಆಗ ಮಾತ್ರ ಮುಟ್ತಿರ್ಲಿಲ್ಲ. ಉಪವಾಸ ಶುರುವಾಗೋ ಬೂದಿ ಬುಧವಾರದ ದಿನ ಸಕ್ಕರೆ ಬಿಟ್ಟೋರು ಈಸ್ಟರ್ ದಿನಾನೇ ಮತ್ತೆ ಮುಟ್ತಿದ್ದಿದ್ದು. ಅಜ್ಜಿ ಹಾಕಿಕೊಟ್ಟ ನೇಮ."

ಕೆಟಲು ಭಾರವಾಯಿತು. ಮೇಜಿನ ಮೇಲಿಟ್ಟೆ. ಆ ಗುರುವಾರದ ಹಿಂದಿನ ಸಂಜೆ ನಾನು ಎಲ್ಲಿದ್ದೆ? ಇದೇ ನೆಲಮಾಳಿಗೆಯಲ್ಲಿದ್ದೆ. ಬೂದಿ ಬುಧವಾರದ ಸೂಪು ಬಡಿಸುತ್ತಿದ್ದೆ, ಇದೇ ಕೈಯಿಂದ! ಅವನು ಅವನೇ. ಉತ್ತರ ಕೇಳಲೆಂದೇ ಬಂದಿದ್ದ. ಸಕ್ಕರೆ ಬಿಟ್ಟಿದ್ದ, ಅಷ್ಟೇ. ನಾನು ಅವನಿಗೆ ಹಿಮದ ಆಳದ ಬಗ್ಗೆ ಹೇಳಿ ಕಳಿಸಿದೆ.

"ಯಾಕೆ, ಏನಾಯ್ತು? ಕೂತ್ಕೊಳ್ಳಿ," ಎಂದಳು ಜನೆಲ್. "ಅಂದಹಾಗೆ, ಮನೇಲಿದ್ದ ಊರೋರ ಪಾತ್ರೆಗಳನ್ನೆಲ್ಲ ತಂದಿದೀನಿ. ನಿಮ್ದೂ ಒಂದಿದೆ."

ಬಾಗಿಲ ಪಕ್ಕದ ಮೇಜಿನಿಂದ ಒಂದು ಗಾಜಿನ ಪಾತ್ರೆ ತಂದು ಕೈಗಿಟ್ಟಳು. ತಿರುಗಿಸಿ ನೋಡಿದೆ. ಟೇಪು ಹಳದಿಯಾಗಿತ್ತು, ಎಲ್. ಬ್ರೆಕ್ಕೆ ಎಂಬ ನನ್ನ ಅಕ್ಷರ ಹಾಗೇ ಇತ್ತು.

"ಬೇರೆಲ್ಲ ಅಡುಗೆಮನೇಲಿದ್ವು. ಇದೊಂದು ಅರ್ವಿಡ್ ಮಾಮನ ಕೋಣೇಲಿ, ಮಂಚದ ಪಕ್ಕ. ಕನ್ನಡಕ, ಬಾಚಣಿಗೆ ಇದ್ರಲ್ಲಿ ಇಡ್ತಿದ್ರು."

"ಬೋಳುತಲೆಗೆ ಬಾಚಣಿಗೆ ಯಾಕಂತೆ?" ಎಂದಳು ಕಿಂಡಿಯಿಂದ ಬರ್ನಡೀನ್. ಅವಳ ಕಿವಿ ಎಲ್ಲ ಕಡೆ ಇರುತ್ತದೆ.

"ಅರ್ವಿಡ್ ಕೋಣೆ ಅಂತ ನಿನಗೆ ಹೇಗೆ ಗೊತ್ತು?" ಎಂದು ಕೇಳಿದೆ.

"ಬಾಗಿಲ ಮೇಲೆ ಹೆಸರಿದೆಯಲ್ಲ. ಚಿಕ್ಕೋರಿದ್ದಾಗ ಅಜ್ಜಿನೇ ಬರೆಸಿದ್ದಂತೆ. ಯಾರು ಯಾರು ಅಂತ ಹೆತ್ತ ಅಜ್ಜಿಗೂ ಗೊತ್ತಾಗ್ತಿರ್ಲಿಲ್ಲ!"

ಅರ್ವಿಡ್. ಹಾಗಾದರೆ ಜನವರಿಯಲ್ಲಿ ನನ್ನ ಕೈ ಹಿಡಿದು ನಿಂತಿದ್ದವನು ಅವನೇ. ಆಗ ಅವನು ಅಂದ ಮಾತು ಒಮ್ಮೆಲೇ ನೆನಪಿಗೆ ಬಂತು, ಕೈಯ ಬಿಸಿಯ ಸಮೇತ ಬಂತು. "ಮನೇಲಿ ಈಗ ಕುರ್ಚಿ ಜಾಸ್ತಿಯಾಗಿವೆ, ಲವೋನ್," ಎಂದಿದ್ದ. ಎಂಬತ್ತು ದಾಟಿದ ಗಂಡಸು, ಅಣ್ಣನ ಹೆಣದ ಪಕ್ಕ ನಿಂತು, ಸಾಲಿನಲ್ಲಿ ಅಷ್ಟು ಜನರ ಎದುರಿಗೆ ಎರಡನೇ ಸಲ ಕೇಳಿದ್ದ. ನಾನು ಏನಂದೆ? "ಜಾಸ್ತಿ ಇದ್ರೆ ಚರ್ಚಿಗೆ ಕೊಡಪ್ಪಾ, ಕೆಳಗೆ ಯಾವಾಗ್ಲೂ ಸಾಲಲ್ಲ," ಎಂದಿದ್ದೆ.

ಅಯ್ಯೋ ನನ್ನ ನಾಲಿಗೆಗೆ ಬೆಂಕಿ ಬೀಳ!

ತಿರುಗಿದೆ. ಕಾಫಿ ಪಾತ್ರೆಯ ಪಕ್ಕ ಅದು ನಿಂತಿತ್ತು.

"ಬರ್ನಡೀನ್, ಈ ಕುರ್ಚಿ ಯಾರು ತಂದಿದ್ದು?"

"ಒಳ್ಳೆ ಕತೆ! ನೀನೇ ಅಲ್ವೇನೇ ಹೇಳಿದ್ದು? ಟ್ವೇಟ್ ಹುಡುಗ, ಉಳಿದಿದ್ನಲ್ಲ, ಅವನು. ಫೆಬ್ರವರೀಲಿ, ಆ ಕೊರೆಯೋ ಚಳೀಲಿ ಟ್ರಕ್ಕಲ್ಲಿ ಹಾಕ್ಕೊಂಡು ಬಂದ. ಮೆಟ್ಲು ಇಳಿಸೋಕೆ ನಾನು ಕೈ ಕೊಟ್ರೆ ಬೇಡ ಅಂದ. 'ಲವೋನ್ ಇಲ್ಲಿಗೆ ಕೊಡು ಅಂದ್ಳು,' ಅಂದ. ನೀನು ಕಾಫಿ ಹತ್ರ ನಿಲ್ತೀಯ ಅಂತ ಅಲ್ಲೇ ಇಟ್ಟು ಹೋದ."

ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನದು ಆ ಬಾಳು. ತಿಂಗಳುಗಟ್ಟಲೆ ಅದನ್ನು ಕಾಲಿನಿಂದ ಒದ್ದಿದ್ದೇನೆ, ಶಪಿಸಿದ್ದೇನೆ. ಒಂದು ದಿನವೂ ಕೂತಿಲ್ಲ.

"ಲವೋನ್ ಅವರೇ, ಈಗ ನೀವು," ಎಂದು ಜನೆಲ್ ಮೆಲ್ಲಗೆ ಕರೆದಳು. ಎಲ್ಲರೂ ನನ್ನ ಕಡೆ ತಿರುಗಿದರು. ಮಾತಾಡುವವರು ಎದ್ದುನಿಲ್ಲುವುದು ಪದ್ಧತಿ. ನಾನು ಹೋಗಿ ಆ ಕುರ್ಚಿಯಲ್ಲಿ ಕೂತೆ. ಒಂದು ಕಿರುಗುಟ್ಟುವ ಸದ್ದೂ ಬರಲಿಲ್ಲ. ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡೆ.

"ಅರ್ವಿಡ್," ಎಂದೆ. ಬದುಕಿನಲ್ಲಿ ಮೊದಲ ಸಲ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದೆ. "ಅರ್ವಿಡ್ ಟ್ವೇಟ್ ನನ್ನನ್ನ ಎರಡು ಸಲ ಮದುವೆಗೆ ಕೇಳಿದ."

ಯಾರದೋ ಫೋರ್ಕು ತಟ್ಟೆಗೆ ಬಿತ್ತು. ಬರ್ನಡೀನ್ ಕಿಂಡಿಯಲ್ಲಿ ಬಾಯಿ ತೆರೆದುಕೊಂಡು ನಿಂತಳು. ಊರಲ್ಲಿ ಯಾರೂ ಎಂದೂ ಕೇಳದ್ದನ್ನು ಡ್ವೇನ್ ಬಾಯಿತಪ್ಪಿ ಕೇಳಿಯೇಬಿಟ್ಟ:

"ಅರ್ವಿಡೇ ಅಂತ ನಿನಗೆ ಖಾತ್ರಿನಾ ಲವೋನ್?"

"ಖಾತ್ರಿ," ಎಂದೆ. ಅಷ್ಟು ದಿನ ಅಳದೆ ಉಳಿಸಿಕೊಂಡಿದ್ದ ಅಳು ಆಗ ಬಂತು. ಅದರ ನಡುವೆಯೇ ಉಳಿದ ಮಾತನ್ನೂ ಹೇಳಿದೆ. "ಹ್ಞೂಂ ಅನ್ನೋಳಿದ್ದೆ ಕಣೋ. ಎರಡು ಸಲಾನೂ ಹ್ಞೂಂ ಅನ್ನೋಳಿದ್ದೆ."